ಬಾಣಂತನದಲ್ಲಿ ಶುರುವಾದ ಫಿಷರ್‌ಗೆ ಆಪರೇಷನ್ ಮಾಡಿಸಿಕೊಳ್ಳಬೇಕೇ?

ಹೆರಿಗೆಯಾಗಿ ಹನ್ನೊಂದು ತಿಂಗಳು, ಫಿಷರ್ (ಗುದದ್ವಾರದ ಬಿರುಕು) ಶುರುವಾಗಿ ಒಂಬತ್ತು ತಿಂಗಳು, ಮಗು ಇನ್ನೂ ಹಾಲು ಕುಡಿಯುತ್ತಿದೆ, ಸರ್ಜನ್ ಒಬ್ಬರು ಸ್ಫಿಂಕ್ಟರೊಟಮಿ, ಅಂದರೆ ಗುದದ್ವಾರದ ಸ್ನಾಯುವನ್ನು ಸ್ವಲ್ಪ ಕತ್ತರಿಸುವ ಆಪರೇಷನ್, ಮಾಡಿಸಿಕೊಳ್ಳಿ ಎಂದಿದ್ದಾರೆ. ಸ್ನಾಯು ಕತ್ತರಿಸಿದರೆ ಮುಂದೆ ಹಿಡಿತ ತಪ್ಪಿಹೋದೀತೇ, ಅದರ ಬದಲು ಲೇಸರ್ ಮಾಡಿಸಬಹುದೇ ಎಂದು ಕೇಳಿದ್ದೀರಿ. ಕೊನೆಯಲ್ಲಿ, ಮನೆಯಲ್ಲಿ ಯಾರ ಹತ್ತಿರವೂ ಹೇಳಿಕೊಳ್ಳಲಾಗುತ್ತಿಲ್ಲ ಎಂದೂ ಬರೆದಿದ್ದೀರಿ. ಆ ಸಾಲು ಓದಿದ ಮೇಲೆ ಸುಮ್ಮನಿರಲು ನನ್ನಿಂದಾಗಲಿಲ್ಲ.

ನಾನು ಡಾಕ್ಟರಲ್ಲ. ಅರಸೀಕೆರೆ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಪಾಠ ಮಾಡುತ್ತೇನೆ. ಹದಿನಾಲ್ಕು ತಿಂಗಳು ಇದೇ ನೋವು ಅನುಭವಿಸಿ, ಇದೇ ಆಪರೇಷನ್ ಮಾಡಿಸಿಕೊಂಡವಳು. ಅದಾಗಿ ಈಗ ನಾಲ್ಕು ವರ್ಷ. ಆ ಆಪರೇಷನ್ ಆದ ಮೇಲೆಯೇ ನಾನು ಮತ್ತೆ ಮನುಷ್ಯಳಂತಾದದ್ದು. ಆದರೂ ನಿಮಗೆ ‘ನಾಳೆಯೇ ಮಾಡಿಸಿ’ ಎಂದು ಹೇಳಲಾರೆ. ನಿಮ್ಮ ಸರ್ಜನ್ ನಿಮ್ಮ ಹೆರಿಗೆಯ ಬಗ್ಗೆ ಏನು ಕೇಳಿದರು ಎಂಬುದನ್ನು ನೀವು ಬರೆದಿಲ್ಲ. ಅವರು ಕೇಳಿಯೇ ಇಲ್ಲವಾದರೆ ಮೊದಲು ಆಗಬೇಕಾದದ್ದು ಆ ಮಾತುಕತೆ. ಏಕೆಂದು ಬಿಡಿಸಿ ಹೇಳುತ್ತೇನೆ.

ಗುದದ್ವಾರದ ಸುತ್ತ ಉಂಗುರದಂತಹ ಎರಡು ಸ್ನಾಯುಗಳಿವೆ. ಹೊರಗಿನದು ನಮ್ಮ ಮಾತು ಕೇಳುತ್ತದೆ. ಬಸ್ಸಿನಲ್ಲಿ ಕುಳಿತಾಗ ತಡೆದುಕೊಳ್ಳಬೇಕಾಗಿ ಬಂದರೆ ನಾವು ಬಿಗಿ ಹಿಡಿಯುವುದು ಅದನ್ನೇ. ಒಳಗಿನದು ನಮ್ಮ ಮಾತು ಕೇಳುವುದಿಲ್ಲ, ಹಗಲೂ ರಾತ್ರಿ ತನ್ನಷ್ಟಕ್ಕೆ ತಾನು ಬಿಗಿದುಕೊಂಡಿರುತ್ತದೆ. ಗಟ್ಟಿ ಮಲ ಹೋಗುವಾಗ ಅಲ್ಲಿನ ನವಿರು ಚರ್ಮ ಸೀಳುತ್ತದೆ. ಆ ನೋವಿಗೆ ಒಳಗಿನ ಸ್ನಾಯು ಸೆಟೆದುಕೊಳ್ಳುತ್ತದೆ. ಸೆಟೆದುಕೊಂಡಷ್ಟೂ ಗಾಯಕ್ಕೆ ರಕ್ತ ಹರಿಯುವುದು ಕಡಿಮೆಯಾಗುತ್ತದೆ. ಹಿಂಭಾಗದ ನಟ್ಟನಡುವೆ ರಕ್ತಸಂಚಾರ ಮೊದಲೇ ಕಡಿಮೆ, ಹಾಗಾಗಿ ಬಹುತೇಕರಿಗೆ ಬಿರುಕು ಬೀಳುವುದು ಅಲ್ಲಿಯೇ. ರಕ್ತ ಸಿಗದ ಗಾಯ ಮಾಯುವುದಿಲ್ಲ. ನಾವಾದರೂ ನೋವಿಗೆ ಹೆದರಿ ಶೌಚಕ್ಕೆ ಹೋಗುವುದನ್ನು ಮುಂದೂಡುತ್ತೇವೆ, ಮಲ ಇನ್ನಷ್ಟು ಗಟ್ಟಿಯಾಗುತ್ತದೆ, ಮರುದಿನ ಅದೇ ಗಾಯ ಮತ್ತೆ ಸೀಳುತ್ತದೆ. 6ರಿಂದ 8 ವಾರ ದಾಟಿದರೆ ಅದು ಹಳೆಯ ಫಿಷರ್. ಅಂಚು ಗಡುಸಾಗಿ, ಹೊರಗೆ ಚರ್ಮದ ಸಣ್ಣ ಗಂಟೊಂದು ಬೆಳೆಯುತ್ತದೆ. ಆ ಗಂಟು ಕೈಗೆ ಸಿಕ್ಕಿದಾಗಲೇ ನಾವೆಲ್ಲ ಮೂಲವ್ಯಾಧಿ ಎಂದು ತೀರ್ಮಾನಿಸಿಬಿಡುವುದು.

ನಾನೂ ಹಾಗೆಯೇ ತಿಳಿದುಕೊಂಡಿದ್ದೆ. ನಮ್ಮ ಶಾಲೆಯಲ್ಲಿ ಆಗ ಶಿಕ್ಷಕಿಯರು ಬಳಸುವಂತಹ ಶೌಚಾಲಯವಿರಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಮನೆ ಬಿಟ್ಟರೆ ಸಂಜೆ ಐದರವರೆಗೆ ಒಂದು ಲೋಟವೂ ನೀರು ಕುಡಿಯದೆ ಇರುವುದನ್ನು ನಾವು ಆರು ಜನ ರೂಢಿ ಮಾಡಿಕೊಂಡಿದ್ದೆವು. ಅದರ ಫಲ ನನಗೆ ಹೀಗೆ ಬಂತು. ಬಸ್ ನಿಲ್ದಾಣದ ಹತ್ತಿರ ‘ಆಪರೇಷನ್ ಇಲ್ಲದೆ ಮೂಲವ್ಯಾಧಿ ಗುಣ’ ಎಂಬ ಬೋರ್ಡ್ ನೋಡಿ ಒಳಗೆ ಹೋದೆ. ಅಲ್ಲಿದ್ದವರು ಸರಿಯಾಗಿ ಪರೀಕ್ಷೆಯನ್ನೂ ಮಾಡದೆ ಗಾಯಕ್ಕೆ ಏನನ್ನೋ ಹಚ್ಚಿ ಕಳುಹಿಸಿದರು. ಮೂರು ರಾತ್ರಿ ನಿದ್ದೆ ಮಾಡಲಿಲ್ಲ. ಈ ಒಂದು ತಪ್ಪನ್ನು ನೀವು ಮಾಡಬೇಡಿ.

ನೋವು ಹೇಗಿತ್ತು ಎಂಬುದನ್ನು ನಿಮಗೆ ವಿವರಿಸಬೇಕಾಗಿಲ್ಲ. ಬ್ಲೇಡಿನಿಂದ ಗೀರಿದ ಹಾಗೆ, ಆಮೇಲೆ ಗೀರಿದ ಜಾಗಕ್ಕೆ ಖಾರ ಮೆತ್ತಿ ಎರಡು ಮೂರು ಗಂಟೆ ಬಿಟ್ಟ ಹಾಗೆ. ಕೂಗಿದರೆ ಮಕ್ಕಳಿಗೆ ಕೇಳೀತು ಎಂದು ಕಕ್ಕಸಿನ ಗೋಡೆಯ ನಲ್ಲಿಯನ್ನು ಬಿಗಿಯಾಗಿ ಹಿಡಿದುಕೊಂಡು ಕೂರುತ್ತಿದ್ದೆ. ಆ ವರ್ಷ ಆ ನಲ್ಲಿ ಎರಡು ಸಲ ಬುಡ ಸಡಿಲವಾಗಿ ಸೋರಿತು. ನಮ್ಮ ಮನೆಯವರು ಎರಡು ಸಲವೂ ಪ್ಲಂಬರ್ ಕರೆಸಿ ಸರಿ ಮಾಡಿಸಿದರು. ಅದು ಸಡಿಲವಾಗುತ್ತಿದ್ದುದು ಏಕೆಂದು ಅವರಿಗೆ ತಿಳಿದದ್ದು ಆಪರೇಷನ್‌ಗೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ದಿನ, ನಾನೇ ಹೇಳಿದಾಗ. ಹೇಳಿಕೊಳ್ಳಿ ತಂಗಿ, ಒಬ್ಬರಿಗಾದರೂ ಹೇಳಿಕೊಳ್ಳಿ. ನಾನು ಹೇಳದೆ ಕಳೆದ ಹದಿನಾಲ್ಕು ತಿಂಗಳಲ್ಲಿ ಒಂದು ವರ್ಷವಾದರೂ ಬೇಕಾಗಿಯೇ ಇರಲಿಲ್ಲ.

ಹಾಸನದಲ್ಲಿ ನಾನು ಕೊನೆಗೆ ಕಂಡ ಸರ್ಜನ್ ಮೊದಲ ದಿನ ಬೆರಳು ಹಾಕಿ ಪರೀಕ್ಷೆ ಮಾಡಲಿಲ್ಲ. ಎರಡು ಬದಿಯ ಚರ್ಮವನ್ನು ಮೆಲ್ಲಗೆ ಸರಿಸಿ ನೋಡಿದರು, ‘ಇಷ್ಟು ಸಾಕು, ನೋವಿದ್ದಾಗ ಒಳಗೆ ನೋಡುವುದು ಬೇಡ’ ಎಂದರು. ಕಾಗದದ ಮೇಲೆ ಗಡಿಯಾರ ಬರೆದು ಆರು ಗಂಟೆಯ ಜಾಗದಲ್ಲಿ ಗೆರೆ ಎಳೆದು, ನಿಮ್ಮ ಬಿರುಕು ಇಲ್ಲಿದೆ ಎಂದು ತೋರಿಸಿದರು. ಆಪರೇಷನ್ ಮಾತನ್ನು ಅವತ್ತು ಎತ್ತಲೇ ಇಲ್ಲ. ಶೇಕಡ 2ರ ಡಿಲ್ಟಿಯಜೆಮ್ ಜೆಲ್ ಬರೆದುಕೊಟ್ಟರು, 8 ವಾರ, ಬಟಾಣಿ ಕಾಳಿನಷ್ಟು, ಗುದದ್ವಾರದ ಅಂಚಿಗೆ. ಅದು ನೋವಿನ ಮುಲಾಮಲ್ಲ, ಸ್ನಾಯುವನ್ನು ಸಡಿಲಗೊಳಿಸುವ ಔಷಧ. ನೈಟ್ರೊಗ್ಲಿಸರಿನ್ ಮುಲಾಮೂ ಅದೇ ಕೆಲಸಕ್ಕೆ ಇದೆ, ಆದರೆ ಹಲವರಿಗೆ ಅದರಿಂದ ತಲೆ ಸಿಡಿಯುತ್ತದೆ. ಈ ಮುಲಾಮುಗಳಿಂದಲೇ ಸುಮಾರು ಅರ್ಧದಷ್ಟು ಜನರ ಗಾಯ ಮಾಯುತ್ತದೆ. ನೀವು ಒಂಬತ್ತು ತಿಂಗಳಲ್ಲಿ ಇವುಗಳಲ್ಲಿ ಒಂದನ್ನಾದರೂ ಪೂರ್ತಿ 8 ವಾರ ಹಚ್ಚಿದ್ದೀರಾ? ಪೈಲ್ಸ್ ಮುಲಾಮುಗಳು ಲೆಕ್ಕಕ್ಕಿಲ್ಲ. ಮಗು ಹಾಲು ಕುಡಿಯುತ್ತಿರುವುದನ್ನು ಹೇಳಿಯೇ ಬರೆಸಿಕೊಳ್ಳಿ, ಔಷಧದಂಗಡಿಯಲ್ಲಿ ನೀವೇ ಕೇಳಿ ತರಬೇಡಿ.

ನನಗೆ ಐದನೆಯ ವಾರದ ಹೊತ್ತಿಗೆ ನೋವು ಅರ್ಧಕ್ಕಿಳಿದಿತ್ತು. ಏಪ್ರಿಲ್‌ನಲ್ಲಿ ಎಸ್ಸೆಸ್ಸೆಲ್ಸಿ ಮೌಲ್ಯಮಾಪನಕ್ಕೆ ಹೋಗಿ ಇಡೀ ದಿನ ಕುರ್ಚಿಯಲ್ಲಿ ಕೂತದ್ದೇ ನೆಪ, ಮತ್ತೆ ಮೊದಲಿಗಿಂತ ಜೋರಾಗಿ ಬಂತು. ಆಗ ಅವರೇ ಆಪರೇಷನ್ ಮಾತೆತ್ತಿದರು.

ಈ ಆಪರೇಷನ್ ಹೊಸದೇನಲ್ಲ. ದಕ್ಷಿಣ ಆಫ್ರಿಕಾದ ಐಸೆನ್‌ಹ್ಯಾಮರ್ ಎಂಬ ಸರ್ಜನ್ ಒಳಗಿನ ಸ್ನಾಯುವನ್ನು ಕತ್ತರಿಸುವ ವಿಧಾನವನ್ನು 1951ರಲ್ಲಿ ಪ್ರಕಟಿಸಿದರು. ಆಗ ಹಿಂಭಾಗದ ನಡುವೆಯೇ, ಬಿರುಕಿನ ಜಾಗದಲ್ಲೇ ಕತ್ತರಿಸುತ್ತಿದ್ದರು. ಅಲ್ಲಿ ಬೀಗದ ರಂಧ್ರದಂತಹ ತಗ್ಗು ಉಳಿದು ಒಳಬಟ್ಟೆ ಒದ್ದೆಯಾಗುವ ತೊಂದರೆ ಬಂತು. ಆದ್ದರಿಂದ ಕತ್ತರಿಸುವ ಜಾಗ ಪಕ್ಕಕ್ಕೆ ಸರಿಯಿತು. 1969ರಲ್ಲಿ ಲಂಡನ್ನಿನ ನೊಟಾರಸ್ ಚರ್ಮದ ಕೆಳಗಿನಿಂದಲೇ, ಪಕ್ಕದಲ್ಲಿ, ಚಿಕ್ಕ ಗಾಯದಲ್ಲಿ ಕತ್ತರಿಸುವ ದಾರಿ ತೋರಿಸಿದರು. ಇವತ್ತಿಗೂ ಹಳೆಯ ಫಿಷರ್‌ಗೆ ಇದಕ್ಕಿಂತ ಹೆಚ್ಚು ಗುಣ ಕೊಡುವ ಚಿಕಿತ್ಸೆ ಇಲ್ಲ. 100ರಲ್ಲಿ 90ಕ್ಕಿಂತ ಹೆಚ್ಚು ಜನರಿಗೆ ಗಾಯ ಮಾಯುತ್ತದೆ, ಮರುಕಳಿಸುವುದು ಅಪರೂಪ. ಹೊರಗಿನ ಸ್ನಾಯುವನ್ನು ಮುಟ್ಟುವುದೇ ಇಲ್ಲ. ಒಳಗಿನದರಲ್ಲಿಯೂ ಕೆಳಗಿನ ಒಂದು ಭಾಗವನ್ನು ಮಾತ್ರ ಕತ್ತರಿಸುತ್ತಾರೆ. ಈಗ ಅನೇಕ ಸರ್ಜನ್‌ಗಳು ಬಿರುಕು ಎಷ್ಟು ಉದ್ದವಿದೆಯೋ ಅಷ್ಟನ್ನೇ ಕತ್ತರಿಸಿ ನಿಲ್ಲಿಸುತ್ತಾರೆ.

ಇನ್ನು ನಿಮ್ಮ ಭಯ. ಅದು ಸುಳ್ಳು ಭಯವಲ್ಲ, ಯಾರಾದರೂ ‘ಏನೂ ಆಗುವುದಿಲ್ಲ’ ಎಂದರೆ ನಂಬಬೇಡಿ. ಕೆಲವರಿಗೆ ಗಾಳಿ ತಡೆಯುವುದು ಕಷ್ಟವಾಗುತ್ತದೆ, ಕೆಲವರಿಗೆ ಬಟ್ಟೆಗೆ ಸ್ವಲ್ಪ ತಗಲುತ್ತದೆ. ಹೆಚ್ಚಿನವರಲ್ಲಿ ಇದು ಕೆಲವು ವಾರಗಳಲ್ಲಿ ಸರಿಹೋಗುತ್ತದೆ, ಆದರೆ ಎಲ್ಲರಲ್ಲಿಯೂ ಅಲ್ಲ. ನನಗೆ ಮೂರು ವಾರ ಗಾಳಿಯ ಹಿಡಿತ ಕಡಿಮೆಯಿತ್ತು, ಆಮೇಲೆ ಮೊದಲಿನಂತಾಯಿತು. ಈ ಅಪಾಯ ಹೆಂಗಸರಲ್ಲಿ, ಅದರಲ್ಲಿಯೂ ಸಹಜ ಹೆರಿಗೆಯಾದವರಲ್ಲಿ ಹೆಚ್ಚು. ನಮ್ಮ ದೇಹದಲ್ಲಿ ಮುಂಭಾಗದ ಸ್ನಾಯು ಮೊದಲೇ ಗಿಡ್ಡ. ಹೆರಿಗೆಯಲ್ಲಿ ಅದು ಒಳಗೊಳಗೇ ಹರಿದು ನಮಗೆ ಗೊತ್ತಾಗದೆಯೇ ಉಳಿದಿರಬಹುದು. ಅಂತಹ ಕಡೆ ಇನ್ನೊಂದು ಕತ್ತರಿ ಬಿದ್ದರೆ ಹಿಡಿತ ತಪ್ಪುವುದಕ್ಕೆ ಅದೇ ಕಾರಣವಾಗಬಹುದು.

ಇನ್ನೊಂದು ಸಂಗತಿಯೂ ಇದೆ. ನನ್ನಂತಹವರ ಫಿಷರ್‌ನಲ್ಲಿ ಸ್ನಾಯು ಕಲ್ಲಿನ ಹಾಗೆ ಬಿಗಿದಿರುತ್ತದೆ, ಅದಕ್ಕೇ ಕತ್ತರಿಸುವುದು. ಹೆರಿಗೆಯ ನಂತರ ಬರುವ ಫಿಷರ್‌ನಲ್ಲಿ ಎಷ್ಟೋ ಸಲ ಆ ಬಿಗಿತವೇ ಇರುವುದಿಲ್ಲ. ಬಿಗಿತವಿಲ್ಲದ ಸ್ನಾಯುವನ್ನು ಕತ್ತರಿಸಿ ಸಡಿಲ ಮಾಡುವುದರಲ್ಲಿ ಏನು ಅರ್ಥ? ಅಂತಹವರಿಗೆ ಸ್ನಾಯು ಮುಟ್ಟದ ಬೇರೆ ಆಪರೇಷನ್ ಇದೆ: ಗಡುಸಾದ ಅಂಚುಗಳನ್ನು ಹೆರೆದು ತೆಗೆದು, ಪಕ್ಕದ ಒಳ್ಳೆಯ ಚರ್ಮವನ್ನು ಸರಿಸಿ ತಂದು ಗಾಯದ ಮೇಲೆ ಹೊಲಿಯುತ್ತಾರೆ. ಬಿಗಿತವಿದ್ದೂ ಕತ್ತರಿಸಲು ಹೆದರಿಕೆಯಿದ್ದರೆ ಬೊಟಾಕ್ಸ್ ಚುಚ್ಚುತ್ತಾರೆ. ಅದು ಸ್ನಾಯುವನ್ನು ಸುಮಾರು ಮೂರು ತಿಂಗಳು ಸಡಿಲವಾಗಿಡುತ್ತದೆ, ಆ ಅವಧಿಯಲ್ಲಿ ಗಾಯ ಮಾಯಬೇಕು. ಕತ್ತರಿಸಿದಷ್ಟು ಖಚಿತವಲ್ಲ, ಮತ್ತೆ ಬರಲೂಬಹುದು, ಆದರೆ ಹಿಡಿತಕ್ಕೇನಾದರೂ ತೊಂದರೆಯಾದರೂ ಔಷಧದ ಜೊತೆಗೇ ಅದೂ ಇಳಿದುಹೋಗುತ್ತದೆ. ಹಾಲೂಡಿಸುತ್ತಿರುವ ಮಾತನ್ನು ಇಲ್ಲಿಯೂ ಮರೆಯಬೇಡಿ.

ನನ್ನ ಮೊದಲ ಹೆರಿಗೆ ಫೋರ್ಸೆಪ್ಸ್ ಹಾಕಿ ಆದದ್ದು, ಹೊಲಿಗೆಗಳೂ ಬಿದ್ದಿದ್ದವು. ಅದನ್ನು ಕೇಳಿದ ತಕ್ಷಣ ನನ್ನ ಸರ್ಜನ್ ಪೆನ್ನು ಕೆಳಗಿಟ್ಟರು. ಗಾಳಿ ತಡೆಯಲಾಗುತ್ತದೆಯೇ, ಅವಸರವಾದರೆ ಎಷ್ಟು ಹೊತ್ತು ತಡೆದುಕೊಳ್ಳಬಲ್ಲಿರಿ ಎಂದೆಲ್ಲ ಕೇಳಿ, ಬೆಂಗಳೂರಿಗೆ ಕಳುಹಿಸಿ ಸ್ನಾಯುಗಳ ಸ್ಕ್ಯಾನ್ ಮಾಡಿಸಿದರು. ಬೆರಳಿನಷ್ಟು ದಪ್ಪದ ಕಡ್ಡಿಯನ್ನು ಒಳಗಿಟ್ಟು ನೋಡುವ ಅಲ್ಟ್ರಾಸೌಂಡ್ ಅದು. ಮರಗಟ್ಟಿಸುವ ಜೆಲ್ಲಿ ಹಚ್ಚಿದ್ದರೂ ನೋವಾಯಿತು, ಆದರೆ ಐದು ನಿಮಿಷದಲ್ಲಿ ಮುಗಿಯಿತು. ಎರಡೂ ಉಂಗುರಗಳು ಎಲ್ಲೂ ಹರಿದಿಲ್ಲ ಎಂದು ವರದಿ ಬಂದ ಮೇಲೆಯೇ ನನ್ನ ಆಪರೇಷನ್ ದಿನ ಗೊತ್ತು ಮಾಡಿದ್ದು. ಈ ಎಚ್ಚರಿಕೆ ನಿಮಗೂ ಸಿಗಬೇಕು. ನಾನು ಇಷ್ಟು ಉದ್ದ ಬರೆಯುತ್ತಿರುವುದೇ ಇದಕ್ಕಾಗಿ.

ಆಪರೇಷನ್ ದಿನದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಬೆನ್ನಿಗೆ ಅರಿವಳಿಕೆ ಕೊಟ್ಟರು, ಇಪ್ಪತ್ತು ನಿಮಿಷ, ಎಡಪಕ್ಕದಲ್ಲಿ ಚಿಕ್ಕ ಗಾಯ, ಹೊರಗಿನ ಚರ್ಮದ ಗಂಟನ್ನೂ ತೆಗೆದರು. ಸಂಜೆ ಮೂತ್ರ ಕಟ್ಟಿಕೊಂಡು ಒಂದು ಗಂಟೆ ಒದ್ದಾಡಿದೆ, ಆಮೇಲೆ ಸರಿಯಾಯಿತು. ಮರುದಿನ ಮನೆಗೆ ಬಂದೆ.

ನಿಜವಾದ ಪರೀಕ್ಷೆ ಎರಡನೆಯ ದಿನದ ಬೆಳಿಗ್ಗೆ. ಹಿಂದಿನ ರಾತ್ರಿ ದೊಡ್ಡ ಲೋಟದ ನೀರಿಗೆ ಇಸಬ್ಗೋಲ್ ಕದಡಿ ಕುಡಿದಿದ್ದೆ. ಅಭ್ಯಾಸಬಲದಿಂದ ಕೈ ನಲ್ಲಿಯ ಕಡೆಗೆ ಹೋಯಿತು. ಹೊಸ ಗಾಯದ ಉರಿ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ಅದು ಈಳಿಗೆ ತಗಲಿ ಕೊಯ್ದ ಬೆರಳಿನ ಉರಿಯ ಹಾಗೆ, ಬಂದು ಹೋಯಿತು. ಹದಿನಾಲ್ಕು ತಿಂಗಳ ಆ ಹಿಂಡುವ ನೋವು, ಸ್ನಾಯು ಸೆಟೆದುಕೊಂಡು ಗಂಟೆಗಟ್ಟಲೆ ಬಿಡದ ನೋವು, ಬರಲಿಲ್ಲ. ಬರುತ್ತದೆಂದು ಕಾಯುತ್ತ ಅಲ್ಲಿಯೇ ಎಷ್ಟೋ ಹೊತ್ತು ಕೂತಿದ್ದೆ. ಹೊರಗೆ ಬಂದು ಅತ್ತುಬಿಟ್ಟೆ. ಹಳೆಯ ಬಿರುಕು ಪೂರ್ತಿ ಮಾಯಲು ಆರು ವಾರ ಹಿಡಿಯಿತು, ಆದರೆ ನೋವು ಅಷ್ಟು ದಿನ ಕಾಯಲಿಲ್ಲ.

ಲೇಸರ್ ಬಗ್ಗೆ ಕೇಳಿದ್ದೀರಿ. ಲೇಸರ್ ಎಂಬುದು ಚಾಕುವಿನ ಬದಲಿಗೆ ಹಿಡಿಯುವ ಒಂದು ಸಾಧನ, ಬೇರೆ ಚಿಕಿತ್ಸೆಯಲ್ಲ. ಅದರಿಂದ ಸ್ನಾಯುವನ್ನೇ ಕತ್ತರಿಸಿದರೆ ಅದೂ ಸ್ಫಿಂಕ್ಟರೊಟಮಿಯೇ, ಅಪಾಯವೂ ಅದೇ. ಜಾಹೀರಾತು ನೋಡಿ ಹೋಗಬೇಡಿ, ‘ಲೇಸರ್‌ನಿಂದ ನೀವು ನಿಖರವಾಗಿ ಯಾವುದನ್ನು ಕತ್ತರಿಸುತ್ತೀರಿ’ ಎಂದು ಕೇಳಿ. ಅರಿವಳಿಕೆ ಕೊಟ್ಟು ಬೆರಳುಗಳಿಂದ ಹಿಗ್ಗಿಸುತ್ತೇವೆ ಎಂದು ಯಾರಾದರೂ ಹೇಳಿದರೆ ಬೇಡ ಎನ್ನಿ. ಆ ಹಳೆಯ ವಿಧಾನದಲ್ಲಿ ಸ್ನಾಯು ಎಲ್ಲಿ ಎಷ್ಟು ಹರಿಯುತ್ತದೆ ಎಂಬುದು ಯಾರ ಕೈಯಲ್ಲೂ ಇರುವುದಿಲ್ಲ.

ನಿಮ್ಮ ಸರ್ಜನ್ ಹತ್ತಿರ ಮತ್ತೊಮ್ಮೆ ಹೋಗಿ. ಹೆರಿಗೆ ಹೇಗಾಯಿತು, ಹೊಲಿಗೆ ಎಷ್ಟು ಬಿದ್ದವು, ಮಗುವಿನ ತೂಕ ಎಷ್ಟಿತ್ತು, ಈಗ ಗಾಳಿ ತಡೆಯಲಾಗುತ್ತಿದೆಯೇ, ಇಷ್ಟನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೊಡಿ, ಬಾಯಲ್ಲಿ ಹೇಳಲು ಸಂಕೋಚವಾದರೆ ಚೀಟಿ ಹೇಳುತ್ತದೆ. ನನ್ನ ಸ್ನಾಯು ಬಿಗಿಯಾಗಿದೆಯೇ, ಸ್ಕ್ಯಾನ್ ಬೇಕೇ, ಎಷ್ಟು ಕತ್ತರಿಸುತ್ತೀರಿ ಎಂದು ಕೇಳಿ. ಈ ಪ್ರಶ್ನೆಗಳಿಗೆ ಸಿಡುಕುವ ಡಾಕ್ಟರ್ ಬೇಡ, ಇನ್ನೊಬ್ಬರನ್ನು ನೋಡಿ. ಬಿರುಕು ನಡುವೆ ಇರದೆ ಪಕ್ಕದಲ್ಲಿದ್ದರೆ, ಒಂದಕ್ಕಿಂತ ಹೆಚ್ಚಿದ್ದರೆ, ತೂಕ ಇಳಿಯುತ್ತಿದ್ದರೆ ಕ್ಷಯ, ಕರುಳಿನ ಉರಿಯೂತವಾದ ಕ್ರೋನ್ಸ್‌ನಂತಹ ಬೇರೆ ಕಾಯಿಲೆಗಳನ್ನು ಹುಡುಕದೆ ಯಾರೂ ಕತ್ತರಿ ಹಿಡಿಯಬಾರದು.

ಅಲ್ಲಿಯವರೆಗೆ ನೀರು ಕುಡಿಯಿರಿ. ಬಾಣಂತಿ ನೀರು ಕುಡಿದರೆ ಮಗುವಿಗೆ ಶೀತ, ಸೊಪ್ಪು ತಿಂದರೆ ಮಗುವಿಗೆ ಭೇದಿ ಎಂದು ನಮ್ಮ ತಾಯಂದಿರು ಪ್ರೀತಿಯಿಂದಲೇ ಪಥ್ಯ ಮಾಡಿಸುತ್ತಾರೆ. ಅನ್ನ, ಮೆಣಸಿನ ಸಾರು, ಜೊತೆಗೆ ಕಬ್ಬಿಣಾಂಶದ ಮಾತ್ರೆ. ಹಾಲೂಡಿಸುವ ಮೈ ನೀರು ಬೇಡುವ ಹೊತ್ತಿನಲ್ಲಿ ಮಲ ಕಲ್ಲಾಗದೆ ಇನ್ನೇನಾದೀತು? ನಿಮಗೂ ಹೀಗೆಯೇ ಶುರುವಾಗಿರಬಹುದು. ಈಗ ಆ ಪಥ್ಯದ ಹಂಗಿಲ್ಲ, ಮುದ್ದೆ, ಸೊಪ್ಪಿನ ಸಾರು, ಮೊಳಕೆ ಹೆಸರುಕಾಳು ಧಾರಾಳವಾಗಿ ತಿನ್ನಿ. ಶೌಚವಾದ ಮೇಲೆ ಅಗಲವಾದ ಬೇಸಿನ್‌ನಲ್ಲಿ ಮೈ ತಾಳುವಷ್ಟು ಬೆಚ್ಚಗಿನ ನೀರು ಹಾಕಿಕೊಂಡು ಹತ್ತು ಹದಿನೈದು ನಿಮಿಷ ಕೂರಿ. ಉಪ್ಪು, ಡೆಟಾಲ್ ಏನೂ ಬೇಡ, ಬರಿಯ ನೀರಿನ ಬಿಸಿಗೇ ಸ್ನಾಯು ಸಡಿಲಗೊಳ್ಳುತ್ತದೆ. ಆ ಹೊತ್ತು ಮಗುವನ್ನು ಅತ್ತೆಯವರ ಕೈಗೆ ಕೊಡಿ, ಏಕೆ ಎಂದು ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳಿ. ನಾನು ಹೇಳಿದ ದಿನ ನನ್ನ ಅತ್ತೆ, ತಮಗೂ ಮೂರನೆಯ ಹೆರಿಗೆಯ ನಂತರ ಹೀಗೆಯೇ ಆಗಿತ್ತು, ಎರಡು ವರ್ಷ ಯಾರಿಗೂ ಹೇಳಿರಲಿಲ್ಲ ಎಂದರು.

ಸರ್ಜನ್ ಏನೆಂದರು ಎಂಬುದನ್ನು ಇಲ್ಲಿಯೇ ಬರೆಯಿರಿ, ನೋಡುತ್ತಿರುತ್ತೇನೆ.