ನಾಡೀನ್ ಆಂಗರರ್‌ಗೆ 2013ರ ಫಿಫಾ ಪ್ರಶಸ್ತಿ ಸಿಕ್ಕಿದ್ದು ಬರೀ ಎರಡು ಪೆನಾಲ್ಟಿ ತಡೆದಿದ್ದಕ್ಕಾ?

ಬರೀ ಅದಕ್ಕಲ್ಲ. ಆದರೆ ಆ ವರ್ಷದ ಯೂರೋ (ಯುರೋಪಿನ ದೇಶಗಳ ಮಹಿಳಾ ಫುಟ್‌ಬಾಲ್ ಟೂರ್ನಿ) ಫೈನಲ್‌ನ ಆ ಎರಡು ಪೆನಾಲ್ಟಿ ಇಲ್ಲದಿದ್ದರೆ ಸಿಗುತ್ತಲೂ ಇರಲಿಲ್ಲ.

ಬ್ರೆಜಿಲ್‌ನ ಮಾರ್ತಾ, ಅಮೆರಿಕದ ಆಬಿ ವಾಂಬಾಕ್ ಥರದ ಗೋಲು ಹೊಡೆಯುವವರನ್ನು ಬಿಟ್ಟು ಒಬ್ಬ ಜರ್ಮನ್ ಗೋಲ್‌ಕೀಪರ್‌ಗೆ ಯಾಕೆ ಕೊಟ್ಟರು ಅಂತ ಕೇಳಿದ್ದೀರಿ. ನ್ಯಾಯವಾದ ಅನುಮಾನವೇ. ಫಿಫಾದ ವರ್ಷದ ಶ್ರೇಷ್ಠ ಆಟಗಾರ ಪ್ರಶಸ್ತಿ ಗೋಲ್‌ಕೀಪರ್‌ಗೆ ಬಂದಿದ್ದು ಅದೇ ಮೊದಲು, ಗಂಡಸರನ್ನೂ ಸೇರಿಸಿ. (1963ರಲ್ಲಿ ಸೋವಿಯತ್ ಗೋಲ್‌ಕೀಪರ್ ಲೆವ್ ಯಾಶಿನ್‌ಗೆ ಸಿಕ್ಕ ಬ್ಯಾಲನ್ ಡಿ'ಓರ್ ಬೇರೆ. ಅದು ಫ್ರೆಂಚ್ ಪತ್ರಿಕೆಯೊಂದು ಕೊಡುತ್ತಿದ್ದದ್ದು.) ನನ್ನ ಪ್ರಕಾರ ಆಂಗರರ್‌ಗೆ ಅದು 2007ರಲ್ಲೇ ಸಿಗಬೇಕಾಗಿದ್ದ ಮರ್ಯಾದೆ. ಆರು ವರ್ಷ ತಡವಾಗಿ ಬಂತು, ಅಷ್ಟೆ.

ಯಾಕೆ ಅಂತ ಹೇಳ್ತೀನಿ. ಆಂಗರರ್ ಹುಟ್ಟಿದ್ದು 1978ರಲ್ಲಿ, ಬವೇರಿಯಾದ ಲೋರ್ ಆಮ್ ಮೈನ್ ಊರಲ್ಲಿ. ಚಿಕ್ಕವರಿದ್ದಾಗ ಗೋಲು ಹೊಡೆಯುವ ಜಾಗದಲ್ಲೇ ಆಡುತ್ತಿದ್ದರು, ಕೀಪರ್ ಆಗಿದ್ದು ಆಮೇಲೆ. 1996ರಲ್ಲೇ ಜರ್ಮನಿ ಪರ ಮೊದಲ ಪಂದ್ಯ ಆಡಿದರು. ಆಗ ವಯಸ್ಸು 17. ಇಲ್ಲಿಂದ ಮುಂದೆ ಸಲೀಸಾಗಿ ಹೋಗಬೇಕಿತ್ತು ಅಲ್ವಾ? ಹೋಗಲಿಲ್ಲ. ಸುಮಾರು ಹತ್ತು ವರ್ಷ ಬೆಂಚಲ್ಲೇ ಕೂತರು. ಜರ್ಮನಿ 2001ರಲ್ಲಿ ಯೂರೋ ಗೆದ್ದಿತು, 2003ರಲ್ಲಿ ವಿಶ್ವಕಪ್ ಗೆದ್ದಿತು, 2005ರಲ್ಲಿ ಮತ್ತೆ ಯೂರೋ. ಮೂರರಲ್ಲೂ ಆಂಗರರ್ ತಂಡದಲ್ಲಿದ್ದರು, ಮೂರರಲ್ಲೂ ಗೋಲಲ್ಲಿ ನಿಂತವರು ಸಿಲ್ಕೆ ರೊಟೆನ್‌ಬರ್ಗ್. ಬೇರೆ ಜಾಗದ ಆಟಗಾರರಿಗೆ ಕೊನೆಯ ಇಪ್ಪತ್ತು ನಿಮಿಷವಾದರೂ ಸಿಗುತ್ತದೆ. ಎರಡನೇ ಕೀಪರ್‌ಗೆ ಅದೂ ಇಲ್ಲ. ಭಾನುವಾರದ ಆಟಗಳಲ್ಲಿ ನಾನೂ ಗೋಲಿಗೆ ನಿಲ್ಲುವವನು, ಹಾಗಾಗಿ ಈ ಭಾಗ ಓದಿದಾಗ ಸ್ವಲ್ಪ ಹೊಟ್ಟೆ ಉರಿಯುತ್ತದೆ.

ಈ ಹತ್ತು ವರ್ಷ ಸುಮ್ನೆ ಹೋಯಿತು ಅಂದುಕೊಳ್ಳಬೇಡಿ. ಟರ್ಬೈನ್ ಪಾಟ್ಸ್‌ಡಾಮ್ ಕ್ಲಬ್ಬಿನಲ್ಲಿ ಅವರೇ ಮೊದಲ ಕೀಪರ್. 2004 ಮತ್ತು 2006ರಲ್ಲಿ ಲೀಗ್ ಗೆದ್ದರು, 2005ರಲ್ಲಿ ಯುರೋಪಿಯನ್ ಕಪ್ ಕೂಡ.

2007ರ ಜನವರಿಯಲ್ಲಿ ರೊಟೆನ್‌ಬರ್ಗ್ ಮೊಣಕಾಲಿಗೆ ದೊಡ್ಡ ಗಾಯ ಆಯಿತು. ಅವರು ಚೇತರಿಸಿಕೊಂಡು ಚೀನಾದ ವಿಶ್ವಕಪ್‌ಗೆ ಬಂದರು, ಆದರೆ ಈ ಸಲ ಬೆಂಚು ಅವರದ್ದು. ಆಂಗರರ್ ಆರು ಪಂದ್ಯ, 540 ನಿಮಿಷ ಆಡಿದರು. ಬಿಟ್ಟುಕೊಟ್ಟ ಗೋಲು ಸೊನ್ನೆ. ಅರ್ಜೆಂಟೀನಾ ವಿರುದ್ಧ 11-0 ಆದ ಪಂದ್ಯದಲ್ಲಿ ಕೀಪರ್‌ಗೆ ಜಾಸ್ತಿ ಕೆಲಸ ಇರಲಿಲ್ಲ, ಒಪ್ಪುತ್ತೇನೆ. ಫೈನಲ್ ಹಾಗಲ್ಲ. ಶಾಂಘೈನಲ್ಲಿ ಎದುರಿಗೆ ಬ್ರೆಜಿಲ್. ಬಿರ್ಗಿಟ್ ಪ್ರಿಂಟ್ಸ್ ಗೋಲಿನಿಂದ ಜರ್ಮನಿ 1-0 ಮುಂದಿತ್ತು. ಅಷ್ಟರಲ್ಲಿ ಬ್ರೆಜಿಲ್‌ಗೆ ಪೆನಾಲ್ಟಿ, ಹೊಡೆಯಲು ಬಂದವರು ಮಾರ್ತಾ, ಆ ಟೂರ್ನಿಯಲ್ಲಿ ಅತಿ ಹೆಚ್ಚು ಗೋಲು ಹೊಡೆದವರು. ಆಂಗರರ್ ತಡೆದರು. ಪಂದ್ಯ 2-0ಗೆ ಮುಗಿಯಿತು. ವಿಶ್ವಕಪ್‌ನಲ್ಲಿ ಅವರ ಮೇಲೆ ಮೊದಲ ಗೋಲು ಬಿದ್ದಿದ್ದು 2011ರಲ್ಲಿ, ಬರ್ಲಿನ್‌ನಲ್ಲಿ, ಕೆನಡಾದ ಕ್ರಿಸ್ಟೀನ್ ಸಿಂಕ್ಲೇರ್ ಫ್ರೀಕಿಕ್‌ನಿಂದ. ಅದೂ ಪಂದ್ಯ ಮುಗಿಯಲು ಎಂಟೇ ನಿಮಿಷ ಬಾಕಿ ಇದ್ದಾಗ.

ಈಗ ನೀವು ಕೇಳಿದ 2013ಕ್ಕೆ ಬರೋಣ. ಪ್ರಿಂಟ್ಸ್ ನಿವೃತ್ತಿಯಾದ ಮೇಲೆ ಆಂಗರರ್ ಕ್ಯಾಪ್ಟನ್. ಗಾಯದಿಂದ ಹಲವು ಮುಖ್ಯ ಆಟಗಾರ್ತಿಯರಿಲ್ಲ, ತಂಡದ ತುಂಬ ಹೊಸ ಹುಡುಗಿಯರು. ಯೂರೋದ ಗುಂಪಿನ ಹಂತದಲ್ಲಿ ನೆದರ್ಲೆಂಡ್ಸ್ ಜೊತೆ 0-0, ನಾರ್ವೆ ಎದುರು 0-1 ಸೋಲು. ಆ ಇಡೀ ಯೂರೋದಲ್ಲಿ ಅವರು ಬಿಟ್ಟುಕೊಟ್ಟಿದ್ದು ಅದೊಂದೇ ಗೋಲು. ಕ್ವಾರ್ಟರ್ ಫೈನಲ್, ಸೆಮಿಫೈನಲ್, ಫೈನಲ್ ಮೂರನ್ನೂ ಜರ್ಮನಿ 1-0 ಅಂತರದಲ್ಲೇ ಗೆದ್ದಿತು. ಒಂದೇ ಗೋಲು ಹೊಡೆದು ಗೆಲ್ಲುವ ತಂಡದಲ್ಲಿ ಕೀಪರ್ ಎಷ್ಟು ಮುಖ್ಯ ಅಂತ ನೀವೇ ಲೆಕ್ಕ ಹಾಕಿ. ಸ್ವೀಡನ್ನಿನ ಸೋಲ್ನಾದಲ್ಲಿ ನಡೆದ ಫೈನಲ್‌ನಲ್ಲಿ ಮತ್ತೆ ಅದೇ ನಾರ್ವೆ. ಮೊದಲರ್ಧದಲ್ಲಿ ನಾರ್ವೆಯ ತ್ರಿನೆ ರೋನಿಂಗ್ ಹೊಡೆದ ಪೆನಾಲ್ಟಿಯನ್ನು ಆಂಗರರ್ ತಡೆದರು, ಆಗ ಸ್ಕೋರು 0-0. ಜರ್ಮನಿಯ ಆನ್ಯಾ ಮಿಟಾಗ್ ಗೋಲು ಹೊಡೆದ ಮೇಲೆ ಸೋಲ್ವೈ ಗುಲ್‌ಬ್ರಾಂಡ್ಸನ್ ಹೊಡೆದ ಪೆನಾಲ್ಟಿಯನ್ನೂ ತಡೆದರು. ಎರಡರಲ್ಲಿ ಒಂದು ಒಳಗೆ ಹೋಗಿದ್ದರೂ ಆ ಪಂದ್ಯ ಬೇರೆಯೇ ಆಗುತ್ತಿತ್ತು.

ಹಾಗಾದರೆ ಮಾರ್ತಾಗೆ ಅನ್ಯಾಯ ಆಯಿತಾ? ನನಗೆ ಹಾಗನ್ನಿಸಲ್ಲ. ಅಷ್ಟರಲ್ಲಿ ಅವರ ಬಳಿ ಅದೇ ಪ್ರಶಸ್ತಿ ಐದಿತ್ತು.

2014ರ ಜನವರಿಯಲ್ಲಿ ಜ್ಯೂರಿಕ್‌ನಲ್ಲಿ ಪ್ರಶಸ್ತಿ ಘೋಷಣೆಯಾದಾಗ ಆಂಗರರ್ ಆಸ್ಟ್ರೇಲಿಯಾದ ಬ್ರಿಸ್ಬೇನ್ ರೋರ್ ಪರ ಆಡುತ್ತಿದ್ದರು. ಆಮೇಲೆ ಅಮೆರಿಕದ ಪೋರ್ಟ್‌ಲ್ಯಾಂಡ್ ಥಾರ್ನ್ಸ್. ದೇಶಕ್ಕಾಗಿ ಒಟ್ಟು 146 ಪಂದ್ಯ. ಕೊನೆಯ ವಿಶ್ವಕಪ್ 2015ರಲ್ಲಿ, ಕೆನಡಾದಲ್ಲಿ. ಅಲ್ಲಿ ಫ್ರಾನ್ಸ್ ವಿರುದ್ಧದ ಕ್ವಾರ್ಟರ್ ಫೈನಲ್ ಪೆನಾಲ್ಟಿ ಶೂಟೌಟ್‌ಗೆ ಹೋಯಿತು. ಫ್ರಾನ್ಸಿನ ಕ್ಲೇರ್ ಲಾವೊಝೆ ಹೊಡೆದ ಕೊನೆಯ ಚೆಂಡನ್ನು ಆಂಗರರ್ ಮೊಣಕಾಲಲ್ಲಿ ತಡೆದರು, ಜರ್ಮನಿ 5-4. ಸೆಮಿಫೈನಲ್‌ನಲ್ಲಿ ಅಮೆರಿಕಕ್ಕೆ ಸೋತರು. ಆ ವರ್ಷವೇ ಆಟ ನಿಲ್ಲಿಸಿ ಪೋರ್ಟ್‌ಲ್ಯಾಂಡ್‌ನಲ್ಲೇ ಗೋಲ್‌ಕೀಪಿಂಗ್ ಕೋಚ್ ಆದರು.

ನೋಡುವುದಾದರೆ ಮೊದಲು 2007ರ ಫೈನಲ್ ಪೂರ್ತಿ ನೋಡಿ, ತುಣುಕುಗಳನ್ನಲ್ಲ. ಪೆನಾಲ್ಟಿ ಬಿಟ್ಟು ಉಳಿದ ಹೊತ್ತಿನಲ್ಲಿ ಅವರು ಎಲ್ಲಿ ನಿಂತಿರುತ್ತಾರೆ ಅನ್ನುವುದನ್ನು ಗಮನಿಸಿ.