ಕಿತ್ತುಬಂದ ಹಲ್ಲು ಮತ್ತೆ ಕೂರುವುದೆ?

ಪ್ರಶ್ನೆ: ಹನ್ನೊಂದು ವರ್ಷದ ನನ್ನ ಮಗ ಸೈಕಲ್‌ನಿಂದ ಬಿದ್ದು, ಮೇಲಿನ ಸಾಲಿನ ಮುಂದಿನ ಹಲ್ಲೊಂದು ಬೇರುಸಹಿತ ಕಿತ್ತುಬಂತು. ಮಣ್ಣಾಗಿದೆಯೆಂದು ಬ್ರಷ್‌ನಿಂದ ತಿಕ್ಕಿ ತೊಳೆದು, ಕರವಸ್ತ್ರದಲ್ಲಿ ಸುತ್ತಿ ಒಯ್ದೆ. ಎರಡು ಗಂಟೆಯ ನಂತರ ದಂತವೈದ್ಯರು ಅದನ್ನೇ ಕೂರಿಸಿ ತಂತಿ ಕಟ್ಟಿದರು. ಆದರೆ ಬಹುಕಾಲ ಉಳಿಯುವುದು ಅನುಮಾನ ಎಂದಿದ್ದಾರೆ. ನನ್ನಿಂದ ತಪ್ಪಾಯಿತೆ? ಮುಂದೇನು?
– ಒಬ್ಬ ತಾಯಿ, ಹಾವೇರಿ

ಉತ್ತರ: ಹಲ್ಲನ್ನು ಎಸೆಯದೆ ಒಯ್ದಿರಲ್ಲ, ಅದೇ ದೊಡ್ಡದು. ಬಿದ್ದ ಹಲ್ಲನ್ನು ಸಗಣಿಯಲ್ಲಿಟ್ಟು ಹೆಂಚಿನ ಮೇಲೆ ಎಸೆಯುವ ನಮ್ಮ ರೂಢಿ ಹಾಲುಹಲ್ಲಿಗೆ ಸರಿ, ಶಾಶ್ವತ ಹಲ್ಲಿಗಲ್ಲ.

ಕಿತ್ತುಬಂದ ಹಲ್ಲಿನ ಬೇರಿಗೆ ತೆಳ್ಳಗೆ ಅಂಟಿಕೊಂಡಿರುವ ನಾರಿನ ಪದರದಲ್ಲಿ ಜೀವಕೋಶಗಳಿರುತ್ತವೆ. ಹಲ್ಲು ಮತ್ತೆ ಎಲುಬಿಗೆ ಸರಿಯಾಗಿ ಕೂಡಿಕೊಳ್ಳುವುದು ಅವುಗಳಿಂದಲೇ. ತಿಕ್ಕಿದರೆ ಅವು ಉದುರುತ್ತವೆ, ಒಣಗಿದರೆ ಸುಮಾರು ಒಂದು ಗಂಟೆಯೊಳಗೆ ಸಾಯುತ್ತವೆ. ವೈದ್ಯರ ಅನುಮಾನಕ್ಕೆ ಕಾರಣ ಇದು. ಇದನ್ನು ಯಾರೂ ನಿಮಗೆ ಮೊದಲೇ ಹೇಳಿರಲಿಲ್ಲ. ಆದ್ದರಿಂದ ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ.

ಇಂಥ ಹಲ್ಲು ಕ್ರಮೇಣ ಎಲುಬಿಗೆ ಬೆಸೆದುಕೊಂಡು, ಬೇರು ಕರಗುತ್ತಾ ಹೋಗಬಹುದು. ಮಗು ಬೆಳೆದಂತೆ ಪಕ್ಕದ ಹಲ್ಲುಗಳೊಂದಿಗೆ ಕೆಳಗಿಳಿಯದೆ ಮೇಲೆಯೇ ಉಳಿದು ಗಿಡ್ಡವಾಗಿ ಕಾಣಲೂಬಹುದು. ಆದರೂ ಅದು ಇದ್ದಷ್ಟು ವರ್ಷ ಅಲ್ಲಿನ ಎಲುಬನ್ನೂ ಮಗುವಿನ ನಗುವನ್ನೂ ಕಾಪಾಡುತ್ತದೆಯಾದ್ದರಿಂದ, ವೈದ್ಯರು ಅದನ್ನು ಕೂರಿಸಿದ್ದು ಸರಿಯಾದ ನಿರ್ಧಾರ. ತಂತಿಯನ್ನು ಸಾಮಾನ್ಯವಾಗಿ ಎರಡು ವಾರ ಇಡುತ್ತಾರೆ. ಈ ವಯಸ್ಸಿಗೆ ಮುಂದಿನ ಹಲ್ಲಿನ ಬೇರಿನ ತುದಿ ಸಾಮಾನ್ಯವಾಗಿ ಮುಚ್ಚಿರುವುದರಿಂದ, ಅದೇ ಎರಡು ವಾರಗಳೊಳಗೆ ರೂಟ್ ಕೆನಾಲ್ ಆರಂಭವಾಗಬೇಕು, ನೋವಿಲ್ಲವೆಂದು ಮುಂದೂಡಬೇಡಿ. ಅಲ್ಲಿಯವರೆಗೆ ಮೆತ್ತನೆಯ ಅನ್ನ, ಗಂಜಿ ಕೊಡಿ, ಮೃದುವಾದ ಬ್ರಷ್ ಬಳಸಿ, ಟೆಟನಸ್ ಚುಚ್ಚುಮದ್ದಿನ ವಿಚಾರ ಕೇಳಿ.

ಶಾಲೆಯ ಶಿಕ್ಷಕರಿಗೂ ಇಷ್ಟನ್ನು ತಿಳಿಸಿ. ಹಲ್ಲನ್ನು ಬೇರು ಮುಟ್ಟದೆ, ಬಾಯಲ್ಲಿ ಕಾಣುವ ಬಿಳಿಯ ಭಾಗವನ್ನಷ್ಟೇ ಹಿಡಿಯಬೇಕು. ಮಣ್ಣಾಗಿದ್ದರೆ ಹಾಲಿನಲ್ಲೋ ತಣ್ಣೀರಿನಲ್ಲೋ ಒಮ್ಮೆ ಅದ್ದಿ ತೆಗೆದು, ಅಲ್ಲಿಯೇ ಅದರ ಕುಳಿಗೆ ಮೆಲ್ಲನೆ ಒತ್ತಿ ಕೂರಿಸಿ, ಮಡಚಿದ ಬಟ್ಟೆಯನ್ನು ಕಚ್ಚಿ ಹಿಡಿಯಲು ಹೇಳಿ ಕೂಡಲೇ ದಂತವೈದ್ಯರಲ್ಲಿಗೆ ಕರೆದೊಯ್ಯಬೇಕು. ಕೂರಿಸಲು ಧೈರ್ಯ ಸಾಲದಿದ್ದರೆ ಒಂದು ಲೋಟ ತಣ್ಣನೆಯ ಹಾಲಿನಲ್ಲಿ ಮುಳುಗಿಸಿ ಒಯ್ಯಲಿ. ನೀರಿನಲ್ಲಿ ಮಾತ್ರ ಇಡಬಾರದು. ಹಾಲುಹಲ್ಲನ್ನು ಎಂದೂ ಮರಳಿ ಕೂರಿಸಬಾರದು, ಕೆಳಗೆ ಮೂಡುತ್ತಿರುವ ಹಲ್ಲಿಗೆ ಪೆಟ್ಟಾದೀತು.

ಮೊದಲ ವರ್ಷ ವೈದ್ಯರು ಹೇಳಿದ ದಿನಗಳಲ್ಲೂ, ಆಮೇಲೆ ಕನಿಷ್ಠ ಐದು ವರ್ಷ ವರ್ಷಕ್ಕೊಮ್ಮೆಯೂ ಎಕ್ಸ್‌ರೇ ಸಹಿತ ತೋರಿಸಿಕೊಂಡು ಬನ್ನಿ.