ರಾತ್ರಿ ನಿದ್ದೆ ಹತ್ತಲ್ಲ, ಮಧ್ಯಾಹ್ನ ತಲೆನೋವು: ವಿಜಯಪುರದವರ ಪ್ರಶ್ನೆಗೆ

ರಾತ್ರಿ ನಿದ್ದೆಯಿಲ್ಲ, ಮಧ್ಯಾಹ್ನ ತಲೆನೋವು, ಸುಸ್ತು; ಅಂಗಡಿಯಲ್ಲಿ ಕೆಲಸ, ದಿನಕ್ಕೆ 7 ಚಹಾ, ಕೊನೆಯದು ರಾತ್ರಿ 8ಕ್ಕೆ, ಊಟ 10:30ಕ್ಕೆ, ಮಲಗುವ ಕೋಣೆ ಮೇಲೆ ಆರ್‌ಸಿಸಿ (ಕಾಂಕ್ರೀಟ್) ಮಾಳಿಗೆ ಅಂತ ಬರೆದಿದ್ದೀರಿ. ನಿದ್ದೆ ಕೆಡಲು ಇಷ್ಟು ಸಾಕು. ತಲೆನೋವು ಬಹುಶಃ ನೀರು ಸಾಲದ್ದರಿಂದ. ಕಣ್ಣಿನ ನಂಬರ್ ಬದಲಾಗಿದ್ದರೂ ಹೀಗಾಗಬಹುದು.

ಮೊದಲು ಚಹಾ. ಒಮ್ಮೆಲೇ ಬಿಡಬೇಡಿ, ಬಿಟ್ಟರೆ ಮರುದಿನವೇ ತಲೆನೋವು ಇನ್ನೂ ಜೋರಾಗುತ್ತದೆ. 3 ದಿನಕ್ಕೊಂದು ಕಪ್ ಕಡಿಮೆ ಮಾಡುತ್ತ 3ಕ್ಕೆ ತನ್ನಿ. ಸಂಜೆಯದನ್ನೇ ಮೊದಲು ಬಿಡಿ, ಮಧ್ಯಾಹ್ನ 2ರ ನಂತರ ಬೇಡವೇ ಬೇಡ. ಕೆಫೀನ್ ಅರ್ಧದಷ್ಟು ಇಳಿಯಲಿಕ್ಕೇ ಸುಮಾರು 5 ತಾಸು ಬೇಕು.

ಬಿಟ್ಟ ಚಹಾದ ಹೊತ್ತಿಗೆ ಚಿಟಿಕೆ ಉಪ್ಪು ಹಾಕಿದ ತೆಳು ಮಜ್ಜಿಗೆ ಕುಡಿಯಿರಿ (ಬಿಪಿ ಇದ್ದರೆ ಉಪ್ಪು ಬೇಡ). ಅಂಗಡಿಯಲ್ಲಿ 1 ಲೀಟರ್ ಬಾಟಲಿ ಕಣ್ಣೆದುರಿಗೇ ಇರಲಿ. ಮೂತ್ರ ಕಡು ಹಳದಿ ಇದ್ದರೆ ನೀರು ಸಾಲುತ್ತಿಲ್ಲ.

ಊಟ 8:30ಕ್ಕೆ ತನ್ನಿ. ಆಗದಿದ್ದರೆ 7ಕ್ಕೆ ಅಂಗಡಿಯಲ್ಲೇ ಒಂದು ರೊಟ್ಟಿ, ಹೆಸರುಕಾಳು ಪಲ್ಯ. ಮನೆಗೆ ಹೋದಮೇಲೆ ಬರೀ ಮಜ್ಜಿಗೆ ಅನ್ನ.

ಮಾಳಿಗೆಯದು ನಿಜಕ್ಕೂ ದೊಡ್ಡ ಸಮಸ್ಯೆ. ಬೇಸಿಗೆಯಲ್ಲಿ ಸ್ಲ್ಯಾಬ್ ಹಗಲೆಲ್ಲ ಕಾದು ಸರಿರಾತ್ರಿ ತನಕ ಶಾಖ ಬಿಡುತ್ತದೆ, ಫ್ಯಾನು ಆ ಬಿಸಿಯನ್ನೇ ತಿರುಗಿಸುತ್ತದೆ. ಮೇಲ್ಭಾಗಕ್ಕೆ 2 ಕೋಟ್ ಸುಣ್ಣ ಹೊಡೆಸಿ. ಅಲ್ಲಿಯವರೆಗೆ ಕೆಳಗಿನ ಕೋಣೆಯಲ್ಲೋ, ಸೊಳ್ಳೆಪರದೆ ಕಟ್ಟಿ ಮಾಳಿಗೆ ಮೇಲೋ ಮಲಗಿ.

3 ವಾರ ಮಾಡಿಯೂ ಸುಸ್ತು ಹೋಗದಿದ್ದರೆ ಹಿಮೋಗ್ಲೋಬಿನ್, ಶುಗರ್, ಥೈರಾಯ್ಡ್, ಬಿಪಿ ತೋರಿಸಿ. ಗೊರಕೆ ನಡುವೆ ಉಸಿರು ನಿಲ್ಲುತ್ತದೆ ಅಂತ ಮನೆಯವರು ಹೇಳಿದರೆ ಮಾತ್ರ ಕಾಯಬೇಡಿ, ಈ ವಾರವೇ ವೈದ್ಯರ ಹತ್ತಿರ ಹೋಗಿ.